ಎತ್ತರದ ಗಾಡಿಗೆ ಗಿಡ್ಡ ಆಂಟೆನಾ: 1901ರಿಂದ ನಮ್ಮ ಆಂಬುಲೆನ್ಸ್ ತನಕ

ಭಾಗ 1/6 – ಚೌಬಾರಾ

ದೋಸ್ತರೇ, ಈ ಸಲದ ಸರಣಿ ರಾಜರ ಮೇಲಲ್ಲ. ಫೈರ್ ಗಾಡಿ, ಆಂಬುಲೆನ್ಸ್, ಪೊಲೀಸ್ ವ್ಯಾನ್ ತಲೆ ಮೇಲೆ ಒಂದು ಕಡ್ಡಿ ಇರ್ತದಲ್ಲ, ಆ ಆಂಟೆನಾ ಮೇಲೆ. ನಗಬೇಡ್ರಿ, ಅದಕ್ಕೂ 120 ವರ್ಷ ಮೀರಿದ ಇತಿಹಾಸ ಅದ.

ಮೊದಲ ಫೋಟೊ ನೋಡ್ರಿ. ಬೀದರ್ ಹಳೇ ಊರಿನ ನಡುವೆ ನಿಂತಿರೋ ಚೌಬಾರಾ. ಸುಮಾರು 22 ಮೀಟರ್ ಎತ್ತರದ ದುಂಡನೆ ಕಾವಲು ಗೋಪುರ. ನೆಲ ಸಪಾಟಾಗಿದ್ದರೆ ಅಷ್ಟು ಎತ್ತರದಿಂದ ಸುಮಾರು 17 ಕಿ.ಮೀ. ದೂರ ಕಾಣುತ್ತದೆ. ಅದರಾಚೆ ಭೂಮಿ ಬಾಗಿ ಮರೆಯಾಗುತ್ತದೆ. ವೈರ್‌ಲೆಸ್ ಸೆಟ್ಟಿನ ಅಲೆಯದ್ದೂ ಹೆಚ್ಚುಕಡಿಮೆ ಇದೇ ಕಥೆ. ನೇರ ಹೋಗುತ್ತದೆ, ಬೆಳಕಿಗಿಂತ ಸ್ವಲ್ಪ ಜಾಸ್ತಿ ಬಾಗುತ್ತದೆ, ಅಷ್ಟೇ. ಅಂದ್ರೆ ಎತ್ತರ ಇದ್ದಷ್ಟು ದೂರ.

ಹಾಗಾದ್ರೆ ಒಂದು ಪ್ರಶ್ನೆ. ಫೈರ್ ಗಾಡಿ ಮೊದಲೇ ಎತ್ತರ. ಅದರ ಮೇಲೆ ಇನ್ನೊಂದು ಉದ್ದ ಕಂಬ ಕಟ್ಟಿದ್ರೆ ಮಾತು ಇನ್ನೂ ದೂರ ಹೋಗಲ್ವಾ? ಯಾಕೆ ಕಟ್ಟಲ್ಲ? ಉತ್ತರ ಮುಂದಿನ ಐದು ಭಾಗದಲ್ಲಿ ಅದ.

ಭಾಗ 2/6 – ಮಲಗೋ ಕಂಬ, ಮಂಚದ ಚೌಕಟ್ಟು

1901. ಮಾರ್ಕೋನಿ ಇಂಗ್ಲೆಂಡಿನಲ್ಲಿ ಥಾರ್ನಿಕ್ರಾಫ್ಟ್ ಕಂಪನಿಯ ಉಗಿ ವ್ಯಾಗನ್ ಒಂದಕ್ಕೆ ವೈರ್‌ಲೆಸ್ ಯಂತ್ರ ಕೂಡಿಸಿದ. ವ್ಯಾಗನ್ ಮೇಲೆ ಎತ್ತರದ ಲೋಹದ ಸಿಲಿಂಡರ್, ಅದೇ ಆಂಟೆನಾ. ಗಾಡಿ ಓಡುವಾಗ ಅದನ್ನು ಕೆಳಗೆ ಮಲಗಿಸುವ ವ್ಯವಸ್ಥೆ ಇತ್ತು. ಗಮನಿಸಿ, ಆಂಟೆನಾ ಹೊತ್ತ ಗಾಡಿಗಳ ಕಾಲ ಶುರುವಾದಾಗಲೇ 'ತಲೆಗೆ ತಾಗುತ್ತದೆ' ಅನ್ನೋ ಸಮಸ್ಯೆಯೂ ಶುರುವಾಯ್ತು.

1920ರ ದಶಕದಲ್ಲಿ ಲಂಡನ್ ಪೊಲೀಸರ 'ಫ್ಲೈಯಿಂಗ್ ಸ್ಕ್ವಾಡ್' ತಂಡದ ಕ್ರಾಸ್‌ಲೀ ವ್ಯಾನ್‌ಗಳ ಮೇಲೆ ದೊಡ್ಡ ಚೌಕಟ್ಟಿನ ಆಂಟೆನಾ ಬಂತು. ನೋಡಿದರೆ ಥೇಟ್ ಕಬ್ಬಿಣದ ಮಂಚ. ಜನ ಅದನ್ನು ಮಂಚ ಅಂತಲೇ ಕರೆದರು. ಕಳ್ಳನ ಹಿಂದೆ ಗುಟ್ಟಾಗಿ ಹೋಗೋ ಗಾಡಿ ಮೇಲೆ ಮಂಚ! ದೂರದಿಂದಲೇ ಗುರುತು ಸಿಗ್ತಿತ್ತು.

ಅಷ್ಟು ದೊಡ್ಡದು ಯಾಕೆ ಬೇಕಿತ್ತು?

ಭಾಗ 3/6 – ಆಳುದ್ದದಿಂದ ಗೇಣಿಗೆ

ಇಲ್ಲಿ ಸಣ್ಣ ಲೆಕ್ಕ ಅದ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. ಬರೋದು ಅಲೆಯ ಉದ್ದ, ಮೀಟರ್‌ನಲ್ಲಿ. ಅದರ ಕಾಲು ಭಾಗ ಉದ್ದದ ಕಡ್ಡಿ, ಕೆಳಗೆ ಲೋಹದ ಛಾವಣಿ: ಗಾಡಿಗೆ ಸರಳವಾದ ಒಳ್ಳೆಯ ಆಂಟೆನಾ ಇದು. ಇಂಗ್ಲಿಷಿನಲ್ಲಿ ಕ್ವಾರ್ಟರ್ ವೇವ್ ಅಂತಾರೆ.

ಹಳೇ ಕಾಲದ ಫ್ರೀಕ್ವೆನ್ಸಿ ಕಡಿಮೆ, ಅಲೆ ಬಹಳ ಉದ್ದ, ಅದಕ್ಕೇ ಮಂಚದಂಥ ಆಂಟೆನಾ. 1940ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಪೊಲೀಸರು ಎಫ್‌ಎಂ ಪದ್ಧತಿಯ ಎರಡೂ ಕಡೆ ಮಾತಾಡೋ ರೇಡಿಯೊವನ್ನು ರಾಜ್ಯದ ತುಂಬ ತಂದರು. ಅದು 40 ಮೆಗಾಹರ್ಟ್ಸ್ ಆಸುಪಾಸು. ಲೆಕ್ಕ ಹಾಕ್ರಿ: ಕಡ್ಡಿ ಸುಮಾರು 1.9 ಮೀಟರ್, ಒಂದು ಆಳುದ್ದ!

ಆಮೇಲೆ ಪೊಲೀಸ್, ಫೈರ್ ರೇಡಿಯೊಗಳು ಮೇಲಿನ ಫ್ರೀಕ್ವೆನ್ಸಿಗೆ ಏರಿದವು. 160 ಮೆಗಾಹರ್ಟ್ಸ್ ವಿಎಚ್‌ಎಫ್‌ಗೆ 47 ಸೆಂ.ಮೀ., ಅಂದ್ರೆ ಒಂದು ಮೊಳ. 450 ಮೆಗಾಹರ್ಟ್ಸ್ ಯುಎಚ್‌ಎಫ್‌ಗೆ 17 ಸೆಂ.ಮೀ., ಒಂದು ಗೇಣೂ ಇಲ್ಲ. ಫ್ರೀಕ್ವೆನ್ಸಿ ಮೇಲೇರಿತು, ಆಂಟೆನಾ ಕೆಳಗಿಳಿಯಿತು.

ಭಾಗ 4/6 – ಎತ್ತರ ನೆಲಕ್ಕಿಳಿಯಿತು

ನಮ್ಮ ದೇಶದಲ್ಲಿ ಪೊಲೀಸ್ ವೈರ್‌ಲೆಸ್ ಸಮನ್ವಯಕ್ಕೆ ಕೇಂದ್ರ ನಿರ್ದೇಶನಾಲಯ ಬಂದದ್ದು 1946ರಲ್ಲಿ. ಆಗ ಬೀದರ್ ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದೆವು. ಅಗ್ನಿಶಾಮಕ ದಳದ ಕಾಯ್ದೆ ಬಂದದ್ದು 1964ರಲ್ಲಿ. 108 'ಆರೋಗ್ಯ ಕವಚ' ಶುರುವಾದದ್ದು 2008ರ ನವೆಂಬರ್ 1ಕ್ಕೆ.

ಸಂತಪುರದಿಂದ ಬೀದರ್‌ಗೆ ಹೋಗೋ ದಾರಿ ನಿಮಗೆ ಗೊತ್ತು. ಕೌಠಾ ಹತ್ತಿರ ಮಾಂಜ್ರಾ ದಾಟಬೇಕು, ಆಮೇಲೆ ಬೀದರ್ ಇರೋ ಕೆಂಪು ಕಲ್ಲಿನ ಎತ್ತರಕ್ಕೆ ಏರಬೇಕು. ಹೊಳೆ ತಗ್ಗಿನಲ್ಲಿರೋ ಗಾಡಿ, ದಿಬ್ಬದ ಮೇಲಿನ ಕಂಟ್ರೋಲ್ ರೂಮ್ ಜೊತೆ ಮಾತಾಡಬೇಕು. ಇದಕ್ಕೆ ಎತ್ತರ ಎಲ್ಲಿ ಹಾಕಬೇಕು?

ಬಿಕಾಂ ಮಂದಿ, ಮಾರ್ಜಿನಲ್ ಬೆನಿಫಿಟ್ ನೆನಪು ಮಾಡ್ಕೊಳ್ರಿ. ಕಂಟ್ರೋಲ್ ರೂಮ್ ಕಂಬ 30 ಮೀಟರ್ ಅಂತ ಇಟ್ಕೊಳ್ಳೋಣ, ಆಂಬುಲೆನ್ಸ್ ಎತ್ತರ ಎರಡೂವರೆ ಮೀಟರ್. ಸಪಾಟ ನೆಲದ ಲೆಕ್ಕದಲ್ಲಿ, 10 ಸೆಂ.ಮೀ. ಗಿಡ್ಡ ಆಂಟೆನಾ ಇದ್ದರೆ ಅಲೆಯ ದಾರಿ ಸುಮಾರು 29 ಕಿ.ಮೀ. ಒಂದು ಮೀಟರ್‌ಗಿಂತ ಉದ್ದದ ಕಡ್ಡಿ ಇಟ್ಟರೂ 30 ಚಿಲ್ಲರೆ. ಲಾಭ ಒಂದು ಕಿ.ಮೀ. ಚಿಲ್ಲರೆ ಮಾತ್ರ. ಅದೇ ನೆಲದ ಕಂಬವನ್ನು 30ರಿಂದ 45 ಮೀಟರ್‌ಗೆ ಏರಿಸಿದರೆ ಐದು ಕಿ.ಮೀ. ಹೆಚ್ಚುತ್ತದೆ, ಅದೂ ಒಂದು ಗಾಡಿಗಲ್ಲ, ಜಿಲ್ಲೆಯ ಎಲ್ಲ ಗಾಡಿಗಳಿಗೆ. ಗುಡ್ಡದ ಮೇಲೆ ರಿಪೀಟರ್ ಕೂಡಿಸೋದೂ ಇದಕ್ಕೇ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ದೂರ ಸಾರುತ್ತದೆ.

ಚೌಬಾರಾ ಕಟ್ಟಿದವರ ಬುದ್ಧಿ ಇದೇ. ಎತ್ತರ ಗೋಪುರಕ್ಕೆ ಕೊಟ್ಟರು, ಕುದುರೆ ಸವಾರನ ತಲೆ ಮೇಲೆ ಕಟ್ಟಲಿಲ್ಲ.

ಭಾಗ 5/6 – ಆರಿಸೋದು ಹೇಗೆ?

ನಿಮ್ಮಲ್ಲಿ ಕೆಲವರು ಅಗ್ನಿಶಾಮಕ, ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದೀರಿ. ಈ ಭಾಗ ಸೇವ್ ಮಾಡಿಟ್ಕೊಳ್ರಿ.

ಒಂದು, ಮೊದಲು ದಾರಿ ಅಳೀರಿ. ಹಳೇ ಊರಿನ ದರ್ವಾಜಾಗಳು ಆನೆ, ಕುದುರೆ ನೋಡಿ ಕಟ್ಟಿದವು, ಕಮಾನು ಬದಿಗೆ ಬಂದಂತೆ ತಗ್ಗುತ್ತದೆ. ಭಾಲ್ಕಿ ಕಡೆ ರೈಲು ಹಳಿ ದಾಟಬೇಕು. ರೈಲ್ವೆ ಕೆಳಸೇತುವೆ, ಆಸ್ಪತ್ರೆ ಪೋರ್ಟಿಕೊ, ಓಣಿಯ ಕೇಬಲ್ ವೈರ್, ಬೇವಿನ ಟೊಂಗೆ, ಎಲ್ಲಾ ಲೆಕ್ಕಕ್ಕೆ ಬರ್ತದ. ಎಲ್ಲಕ್ಕಿಂತ ತಗ್ಗಾದದ್ದೇ ನಿಮ್ಮ ಮಿತಿ.

ಎರಡು, ಫೈರ್ ಗಾಡಿಯನ್ನು ಟ್ಯಾಂಕ್ ಖಾಲಿ ಇದ್ದಾಗ ಅಳೀರಿ. ನೀರಿನ ಭಾರ ಇಳಿದ ಮೇಲೆ ಸ್ಪ್ರಿಂಗ್ ಎದ್ದು ಗಾಡಿ ಎತ್ತರ ಆಗ್ತದ. ಹೋಗುವಾಗ ದಾಟಿದ ಕಮಾನು ಬರುವಾಗ ತಾಗಬಹುದು.

ಮೂರು, ಜಾಗ ಇದ್ದರೆ ಬುಡದಲ್ಲಿ ಸ್ಪ್ರಿಂಗ್ ಇರೋ ಮೊಳದುದ್ದದ ಕಡ್ಡಿ ಒಳ್ಳೇದು. ತಾಗಿದರೆ ಬಾಗಿ ಮತ್ತೆ ನಿಲ್ಲುತ್ತದೆ. ಜಾಗ ಇಲ್ಲದಿದ್ದರೆ ಬಟ್ಟಲು ಬೋರಲು ಹಾಕಿದಂತಿರೋ ಗಿಡ್ಡ ಆಂಟೆನಾ. ಆದರೆ ಅದಕ್ಕೂ ಬೆಲೆ ಅದ: ಶಕ್ತಿ ಸ್ವಲ್ಪ ಕಡಿಮೆ, ನಿಗದಿಯಾದ ಫ್ರೀಕ್ವೆನ್ಸಿಯ ಆಸುಪಾಸಿನಲ್ಲಷ್ಟೇ ಚೆನ್ನಾಗಿ ಕೆಲಸ ಮಾಡ್ತದ. ಹೊಳೆ ತಗ್ಗಿನಲ್ಲಿ ನಿಂತು ಮಾತಾಡಿ ನೋಡದೆ ಒಪ್ಪಬೇಡ್ರಿ.

ನಾಲ್ಕು, ಛಾವಣಿಯ ನಡುವೆ ಕೂಡಿಸಿ, ಸೈರನ್ ದೀಪದ ಪಟ್ಟಿಯಿಂದ ದೂರ. ಸುತ್ತಲಿನ ಲೋಹವೇ ಆಂಟೆನಾದ ಇನ್ನರ್ಧ. ಛಾವಣಿ ಫೈಬರ್‌ನದ್ದಾದರೆ ಕೆಳಗೆ ಲೋಹದ ತಗಡು ಹಾಕಬೇಕು, ಇಲ್ಲವೇ ಲೋಹ ಬೇಡದ ನಮೂನೆ ತರಬೇಕು.

ಐದು, ಕೂಡಿಸಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ಹಚ್ಚಿ ನೋಡಿ. 1.5ರ ಒಳಗಿದ್ದರೆ ಚೆನ್ನ. 2 ದಾಟಿದರೆ ಕೇಬಲ್ಲೋ ಜೋಡಣೆಯೋ ಕೆಟ್ಟಿದೆ. ಕೊನೆಗೆ ಆಂಟೆನಾ ಸೇರಿ ಒಟ್ಟು ಎತ್ತರ ಎಷ್ಟು ಅಂತ ಡ್ರೈವರ್ ಕಣ್ಣೆದುರು ದೊಡ್ಡದಾಗಿ ಬರೀರಿ.

ಭಾಗ 6/6 – ಯಾಕೆ ಮುಖ್ಯ?

'ಈಗ ಮೊಬೈಲ್, ಜಿಪಿಎಸ್ ಅದಲ್ಲ' ಅಂತೀರಿ. ಹೌದು, ಬಹಳಷ್ಟು ಕೆಲಸ ಅದರಲ್ಲೇ ನಡೀತದ. ಆದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಬಂದ್ ಆದಾಗ, ಜಾತ್ರೆಯಲ್ಲಿ ಸಾವಿರಾರು ಮಂದಿ ಒಮ್ಮೆಲೇ ಫೋನ್ ಹಚ್ಚಿದಾಗ, ವೈರ್‌ಲೆಸ್ ಸೆಟ್ಟೇ ಗತಿ.

ಆ ಹೊತ್ತಿಗೆ ಆಂಟೆನಾ ಮುರಿದಿದ್ದರೆ ಡ್ರೈವರ್‌ಗೆ ತಿಳಿಯೋದೂ ಇಲ್ಲ. ಗಾಡಿ ಓಡ್ತದ, ಸೈರನ್ ಕೂಗ್ತದ, ಸೆಟ್ಟಿನ ದೀಪ ಉರೀತದ. 'ಇನ್ನೊಂದು ಗಾಡಿ ಕಳಿಸ್ರಿ' ಅಂತ ಅವರು ಹೇಳಿದ್ದು ಮಾತ್ರ ಯಾರಿಗೂ ಮುಟ್ಟಲ್ಲ. ರಸ್ತೆ ಮೇಲೆ ಬಿದ್ದವನಿಗೆ ಆ ಹತ್ತು ನಿಮಿಷವೇ ಜೀವ.

ಅದಕ್ಕೇ ಈ ಇತಿಹಾಸ ನನಗೆ ಹಿಡಿಸಿದ್ದು. ಮಾರ್ಕೋನಿಯ ಮಲಗೋ ಕಂಬದಿಂದ ಇವತ್ತಿನ ಬಟ್ಟಲು ಆಂಟೆನಾ ತನಕ ಎಲ್ಲರೂ ಹುಡುಕಿದ್ದು ಎಲ್ಲಕ್ಕಿಂತ ಉದ್ದದ ಆಂಟೆನಾ ಅಲ್ಲ, ದಾರಿ ಪೂರ್ತಿ ಮುರಿಯದೆ ಉಳಿಯೋ ಆಂಟೆನಾ.

ನಿಮ್ಮೂರಿನಲ್ಲಿ ಫೈರ್ ಗಾಡಿ ದಾಟಲಾರದ ಕಮಾನು, ಜೋತುಬಿದ್ದ ವೈರ್ ಎಲ್ಲಿ ಅದ? ಊರ ಹೆಸರು, ಜಾಗ ಕಾಮೆಂಟಿನಲ್ಲಿ ಬರೀರಿ. ಔರಾದ್, ಭಾಲ್ಕಿ, ಬೀದರ್ ಮೂರೂ ಕಡೆಯದ್ದು ಸೇರಿಸಿ ಒಂದು ಪಟ್ಟಿ ಮಾಡಿ ಹತ್ತಿರದ ಫೈರ್ ಸ್ಟೇಷನ್‌ಗೆ ಕೊಡೋಣ.

#ಬೀದರ್ #ಸಂತಪುರ #ಔರಾದ್ #ಭಾಲ್ಕಿ #ಚೌಬಾರಾ #ಸಣ್ಣವಸ್ತುದೊಡ್ಡಇತಿಹಾಸ