ಸದಾರಮೆಯ ಕಳ್ಳ, ಕುರುಕ್ಷೇತ್ರದ ಆನೆ

ಶಿರೂರು ಎಂದೊಡನೆ ಕನ್ನಡಿಗರಿಗೆ ಉಡುಪಿ ಸೀಮೆಯ ಶಿರೂರು ನೆನಪಾಗುವುದು ಸಹಜ. ನಾವು ವಾಸವಾಗಿರುವುದು ಆ ಊರಿನಲ್ಲಲ್ಲ; ಪುಣೆಯಿಂದ ಅಹಮದನಗರಕ್ಕೆ ಹೋಗುವ ಹಾದಿಯಲ್ಲಿ, ಘೋಡ್ ನದಿಯ ದಂಡೆಯ ಮೇಲಿರುವ ಶಿರೂರಿನಲ್ಲಿ. ಇಲ್ಲಿ ನೆರೆಹೊರೆಯ ಮರಾಠಿ ಮಿತ್ರರೊಡನೆ ಮಾತು ನಾಟಕ ಸಿನಿಮಾಗಳ ಕಡೆಗೆ ಹೊರಳಿತೆಂದರೆ ದಾದಾ ಕೋಂಡ್ಕೆಯವರ ಹೆಸರು ಬಾರದೆ ಇರುವುದಿಲ್ಲ. ಅವರ ಮನೆತನದ ಮೂಲ ಇದೇ ಜಿಲ್ಲೆಯ ಭೋರ್ ಕಡೆಯ ಹಳ್ಳಿ ಎಂಬ ಅಭಿಮಾನವೂ ಆ ಮಾತಿನಲ್ಲಿ ಸೇರಿರುತ್ತದೆ. ಆ ನಗುವಿನ ನಡುವೆ ನಮ್ಮತ್ತ ಒಂದು ಪ್ರಶ್ನೆ ತೂರಿ ಬರುತ್ತದೆ: ನಿಮ್ಮ ಕನ್ನಡದಲ್ಲಿ ಇಂಥವರು ಯಾರಿದ್ದರು?

ಪ್ರಶ್ನೆ ಸುಲಭವಾಗಿ ಕಂಡರೂ ಉತ್ತರ ಸುಲಭವಲ್ಲ. ಕೋಂಡ್ಕೆಯವರು ಬರಿಯ ಹಾಸ್ಯನಟರಾಗಿರಲಿಲ್ಲ. ವಸಂತ ಸಬನೀಸರ ‘ವಿಚ್ಛಾ ಮಾಝೀ ಪುರೀ ಕರಾ’ ಎಂಬ ಲೋಕನಾಟ್ಯದಿಂದ ಹೆಸರು ಮಾಡಿ, 1971ರಲ್ಲಿ ‘ಸೋಂಗಾಡ್ಯಾ’ ಚಿತ್ರವನ್ನು ತಾವೇ ನಿರ್ಮಿಸಿ, ಮುಂದೆ ನಿರ್ದೇಶನಕ್ಕೂ ಕೈಹಾಕಿ, ಸಾಲುಸಾಲಾಗಿ ಒಂಬತ್ತು ಚಿತ್ರಗಳ ಬೆಳ್ಳಿಹಬ್ಬ ಕಂಡು ಗಿನ್ನಿಸ್ ದಾಖಲೆಯ ಪುಸ್ತಕ ಸೇರಿದವರು. ಮೊಣಕಾಲಿನವರೆಗಿನ ಸಡಿಲ ಚಡ್ಡಿ, ಮುಂದೆ ಜೋತಾಡುವ ಲಾಡಿ, ಎರಡರ್ಥದ ಮಾತು: ಸುಸಂಸ್ಕೃತರು ಮುಖ ಸಿಂಡರಿಸಿದರೂ ಜನ ಟಿಕೆಟ್ಟಿಗಾಗಿ ಸಾಲುಗಟ್ಟಿದರು. ತಮಾಶಾದ ವಿದೂಷಕನಾದ ಸೋಂಗಾಡ್ಯಾ ಅವರ ಕೈಯಲ್ಲಿ ಪಕ್ಕದ ಪಾತ್ರವಾಗಿ ಉಳಿಯದೆ ಇಡೀ ಉದ್ಯಮದ ಒಡೆಯನಾದ.

ಇದನ್ನು ಯೋಚಿಸಿದಾಗ ನಮಗೆ ಹೊಳೆಯುವ ಹೆಸರು ಒಂದೇ. ವಿದೂಷಕನೇ ಒಡೆಯನಾದ ಈ ಕಥೆ ಕನ್ನಡದಲ್ಲಿ ಅದಕ್ಕೂ ಅರ್ಧ ಶತಮಾನ ಮೊದಲೇ ನಡೆದುಹೋಗಿತ್ತು. ಆ ವಿದೂಷಕರು ನಾಟಕರತ್ನ ಗುಬ್ಬಿ ವೀರಣ್ಣನವರು.

ವೀರಣ್ಣನವರ ಹೆಸರು ಕೇಳಿದವರು ಇಂದು ಮೊದಲು ನೆನೆಯುವುದು ಅವರ ಕಂಪನಿಯ ವೈಭವವನ್ನು: ರಂಗದ ಮೇಲೆ ಬಂದ ನಿಜವಾದ ಆನೆಗಳು, ಕುದುರೆಗಳು, ರಥಗಳು. ಆದರೆ ಆ ಆನೆಯ ಬೆನ್ನ ಹಿಂದೆ ಒಬ್ಬ ಕಳ್ಳ ಅಡಗಿದ್ದಾನೆ. ‘ಸದಾರಮೆ’ ನಾಟಕದ ಕಳ್ಳ. ಆನೆಯನ್ನು ನೆನಪಿಟ್ಟುಕೊಂಡು ಕಳ್ಳನನ್ನು ಮರೆತರೆ ವೀರಣ್ಣನವರನ್ನು ಅರ್ಧ ಮಾತ್ರ ತಿಳಿದಂತೆ ಎಂಬುದು ನಮ್ಮ ಭಾವನೆ.

ತುಮಕೂರಿನ ಹತ್ತಿರದ ಗುಬ್ಬಿ ಒಂದು ಸಾಧಾರಣ ಊರು. ಅಲ್ಲಿ 1884ರಲ್ಲಿ, ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದವರ ಉತ್ಸಾಹದಿಂದ, ಊರದೈವದ ಹೆಸರಿನಲ್ಲಿ ಶ್ರೀ ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ ನಾಟಕ ಸಂಘ ಹುಟ್ಟಿತು. ಲಿಂಗಾಯತ ದೈವದ ಹೆಸರು ಹೊತ್ತ ಸಂಘವನ್ನು ಕಟ್ಟಿದವರಲ್ಲಿ ಒಬ್ಬ ಮುಸಲ್ಮಾನರೂ ಇದ್ದರೆಂಬುದು ಆ ಕಾಲದ ರಂಗಭೂಮಿಯ ಸ್ವಭಾವವನ್ನು ಹೇಳುತ್ತದೆ. ಏಳು ವರ್ಷಗಳ ತರುವಾಯ, 1891ರ ಜನವರಿಯಲ್ಲಿ, ವೀರಣ್ಣನವರು ಹುಟ್ಟಿದರು. ಅಂದರೆ ಕಂಪನಿ ಅವರಿಗಿಂತ ಹಿರಿಯದು. ಶಾಲೆಯ ಕಾಳಜಿ ಬೇರೂರುವ ಮೊದಲೇ ಬಾಲನಟನಾಗಿ ಅದರೊಳಕ್ಕೆ ಬಂದ ಹುಡುಗನಿಗೆ ಪಾಠಶಾಲೆ, ಮನೆ, ಊರು ಎಲ್ಲವೂ ಕಂಪನಿಯೇ ಆಯಿತು.

ಕಂಪನಿ ನಾಟಕಗಳ ಆ ಜಗತ್ತು ಹೇಗೆ ಹುಟ್ಟಿತೆಂಬುದರಲ್ಲಿ ನಮ್ಮಂಥ ಗಡಿಯಾಚೆಯ ಕನ್ನಡಿಗರಿಗೆ ವಿಶೇಷ ಆಸಕ್ತಿಯ ಸಂಗತಿಯೊಂದಿದೆ. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗಲಿಯಲ್ಲಿ ಯಕ್ಷಗಾನ ಆಡಿತು. ಅದನ್ನು ಕಂಡ ಸಾಂಗಲಿಯ ದೊರೆಯ ಅಪೇಕ್ಷೆಯಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು, ಮರಾಠಿ ರಂಗಭೂಮಿ ತನ್ನ ಆರಂಭವನ್ನು ಅಲ್ಲಿಂದ ಎಣಿಸುತ್ತದೆ. ಮುಂದೆ ಮರಾಠಿ ಮತ್ತು ಪಾರ್ಸಿ ಕಂಪನಿಗಳು ದಕ್ಷಿಣಕ್ಕೆ ಬಂದಾಗ ಅವುಗಳ ಪರದೆ, ಸೀನರಿ, ಸಂಗೀತಗಳನ್ನು ಕಂಡು ಕನ್ನಡದ ಕಂಪನಿಗಳು ಮೈತಳೆದವು. ಕೊಟ್ಟದ್ದು ಬಡ್ಡಿಸಹಿತ ಮರಳಿತು. ಗುಬ್ಬಿ ಕಂಪನಿ ಆ ಸಾಲಿನಲ್ಲಿ ಬಂದದ್ದು.

ಈ ನಾಟಕಗಳಲ್ಲಿ ಹಾಸ್ಯಗಾರನ ಸ್ಥಾನ ವಿಚಿತ್ರವಾದದ್ದು. ಯಕ್ಷಗಾನದ ಹಾಸ್ಯಗಾರ, ದೊಡ್ಡಾಟದ ಸಾರಥಿ ಇವರಿಗೆ ಅವನು ವಾರಸುದಾರ. ರಾಜನಿಗೆ ಗೊತ್ತುಮಾಡಿದ ಮಾತುಂಟು, ರಾಣಿಗೆ ಗೊತ್ತುಮಾಡಿದ ಹಾಡುಂಟು. ಹಾಸ್ಯಗಾರನಿಗೆ ಮಾತ್ರ ಅಂದಂದಿನ ಮಾತನ್ನು ಅಂದಂದೇ ಹುಟ್ಟಿಸಿಕೊಳ್ಳುವ ಸ್ವಾತಂತ್ರ್ಯ. ಊರು ಬದಲಾದಂತೆ ಅವನ ಮಾತೂ ಬದಲಾಗಬೇಕು. ಆ ಊರಿನ ಸಂತೆ, ಆ ಊರಿನ ಜಿಪುಣ, ಆ ವರ್ಷದ ಮಳೆ ಎಲ್ಲವೂ ಪೌರಾಣಿಕ ಕಥೆಯ ನಡುವೆ ನುಸುಳಬೇಕು. ರಾಜನ ಪಾತ್ರಧಾರಿ ಸೋತರೆ ಒಂದು ದೃಶ್ಯ ಸೋಲುತ್ತದೆ. ಹಾಸ್ಯಗಾರ ಸೋತರೆ ಮರುದಿನದ ಗಲ್ಲಾಪೆಟ್ಟಿಗೆ ಸೋಲುತ್ತದೆ.

ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ವೀರಣ್ಣನವರ ಪಾಲಿಗೆ ಬಂದದ್ದು ಅಂಥ ಪಾತ್ರ. ನಾಯಕಿಯನ್ನು ಹೊತ್ತೊಯ್ದು, ಕೊನೆಗೆ ಅವಳ ಜಾಣ್ಮೆಯ ಮುಂದೆ ಬೆಪ್ಪನಾಗುವ ಕಳ್ಳ. ಕಥೆಯ ಲೆಕ್ಕದಲ್ಲಿ ಅವನು ಖಳ. ಜನರ ಲೆಕ್ಕದಲ್ಲಿ ಅವನೇ ನಾಯಕ. ಸದಾರಮೆಗೆ ಕೇಡಾಗದಿರಲಿ ಎಂದು ಹಾರೈಸುತ್ತಲೇ ಕಳ್ಳ ರಂಗದ ಮೇಲೆ ಇನ್ನಷ್ಟು ಹೊತ್ತು ಇರಲಿ ಎಂದು ಬಯಸುವಂತೆ ಮಾಡುವುದು ಸಣ್ಣ ಕೆಲಸವಲ್ಲ. ಹೆದರಿಸಬೇಕಾದವನು ನಗಿಸುತ್ತಾನೆ, ದೋಚಬೇಕಾದವನು ತಾನೇ ದೋಚಿಸಿಕೊಳ್ಳುತ್ತಾನೆ. ದಶಕಗಳ ಕಾಲ ‘ಸದಾರಮೆ’ ಗುಬ್ಬಿ ಕಂಪನಿಯ ಮುಖ್ಯ ನಾಟಕಗಳಲ್ಲಿ ಒಂದಾಗಿ ಉಳಿಯಿತೆಂದರೆ ಅದಕ್ಕೆ ಆ ಕಳ್ಳನೂ ಕಾರಣ.

1917ರಲ್ಲಿ ಕಂಪನಿಯ ಒಡೆತನ ವೀರಣ್ಣನವರ ಕೈಗೆ ಬಂದಿತು. ಒಡೆಯರಾದ ಮೇಲೆ ರಾಜನ ಪಾತ್ರವನ್ನೋ ದೇವರ ಪಾತ್ರವನ್ನೋ ತಮಗಾಗಿ ಆರಿಸಿಕೊಂಡು ಕಿರೀಟ ತೊಟ್ಟು ನಿಲ್ಲಬಹುದಾಗಿತ್ತು. ಆದರೆ ಅವರ ಹೆಸರು ಅಂಟಿಕೊಂಡದ್ದು ಹಾಸ್ಯಕ್ಕೇ. ಕಿರೀಟ ಬೇರೆಯವರ ತಲೆಯ ಮೇಲಿತ್ತು. ಕಿರೀಟದ ಖರ್ಚನ್ನು ದುಡಿಯುತ್ತಿದ್ದವನು ಕಳ್ಳ. ಈ ಆಯ್ಕೆಯಲ್ಲಿ ವಿನಯಕ್ಕಿಂತ ಹೆಚ್ಚಾಗಿ ವ್ಯವಹಾರದ ಅರಿವಿತ್ತೆಂದು ಯಾರಾದರೂ ಹೇಳಿದರೆ ನಾವು ಅಲ್ಲಗಳೆಯುವುದಿಲ್ಲ. ತನ್ನ ಶಕ್ತಿ ಎಲ್ಲಿದೆಯೆಂಬುದನ್ನು ತಿಳಿದವನೇ ಜಾಣ.

ದುಡಿದದ್ದನ್ನು ಅವರು ರಂಗದ ಮೇಲೆಯೇ ಚೆಲ್ಲಿದರು. ವಿದ್ಯುದ್ದೀಪ, ಯಂತ್ರಗಳ ಚಮತ್ಕಾರ, ಕಣ್ಣುಕೋರೈಸುವ ಉಡುಪು, ಪೆಟ್ಟಿಗೆಗಟ್ಟಲೆ ಪರದೆ: ಕಂಪನಿ ಊರಿಗೆ ಬಂದಿತೆಂದರೆ ಊರೊಳಗೆ ಇನ್ನೊಂದು ಊರು ಎದ್ದಂತೆ. 1930ರ ದಶಕದಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆಡಿದಾಗ ಆನೆ ಕುದುರೆಗಳೇ ರಂಗಕ್ಕಿಳಿದವು. ಹೆಸರು ಗುಬ್ಬಿ, ತಂದದ್ದು ಆನೆ! ಮೈಸೂರು ಸೀಮೆಯನ್ನು ದಾಟಿ ಆಂಧ್ರ, ತಮಿಳು ನಾಡುಗಳಲ್ಲಿಯೂ ಕಂಪನಿ ಸಂಚರಿಸಿತು. ಆಯಾ ಭಾಷೆಯಲ್ಲಿಯೇ ನಾಟಕವಾಡಿ ಮನ್ನಣೆ ಪಡೆಯಿತು. ಪರಭಾಷೆಯ ನೆಲದಲ್ಲಿ ಬಾಳುವ ನಮಗೆ ಇದು ಸೋಜಿಗದ ಸಂಗತಿ. ಗಾಂಭೀರ್ಯವನ್ನು ಅನುವಾದಿಸಬಹುದು, ನಗೆಯನ್ನು ಇನ್ನೊಂದು ನುಡಿಗೆ ದಾಟಿಸಲು ಆ ನುಡಿಯ ಬೀದಿಯಲ್ಲಿ ಓಡಾಡಿರಬೇಕು.

ವೈಭವದ ನೆರಳಿನಲ್ಲಿ ಇನ್ನೊಂದು ದಿಟ್ಟ ಕೆಲಸವೂ ನಡೆಯಿತು. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ಕಾಲದಲ್ಲಿ ವೀರಣ್ಣನವರು ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು. ಅವರ ಪತ್ನಿಯರಲ್ಲಿ ಒಬ್ಬರಾದ ಬಿ. ಜಯಮ್ಮನವರು ರಂಗದಲ್ಲಿಯೂ ಬೆಳ್ಳಿತೆರೆಯಲ್ಲಿಯೂ ದೊಡ್ಡ ಹೆಸರು ಗಳಿಸಿದ ನಟಿ. ಒಂದಕ್ಕಿಂತ ಹೆಚ್ಚು ಮದುವೆಯಾದ ಆ ಕಾಲದ ಗೃಹಸ್ಥನ ಬದುಕನ್ನು ಇಂದಿನ ಕಣ್ಣಿನಿಂದ ನೋಡಿದಾಗ ಮನಸ್ಸು ಒಪ್ಪದ ಎಳೆಗಳು ಕಾಣುತ್ತವೆ. ಆದರೂ ನಟಿಯರಿಗೆ ವೇಷ, ವೇತನ, ಹೆಸರು ಈ ಮೂರನ್ನೂ ಒದಗಿಸಿದ ಸಂಸ್ಥೆ ಅದೆಂಬುದನ್ನು ಮರೆಯಲಾಗದು.

ಸಿನಿಮಾ ಬಂದಾಗ ಅನೇಕ ನಾಟಕ ಕಂಪನಿಗಳ ಒಡೆಯರು ಅದನ್ನು ಶತ್ರುವೆಂದು ಬಗೆದರು. ವೀರಣ್ಣನವರು ಮೂಕಿ ಚಿತ್ರಗಳ ಕಾಲದಲ್ಲಿಯೇ ಅದರ ಕೈಹಿಡಿದರು. ಬೆಲ್ಜಿಯಂನ ರಫಾಯೆಲ್ ಆಲ್ಗೋಟ್ ನಿರ್ದೇಶಿಸಿದ, ‘ಹಿಸ್ ಲವ್ ಅಫೇರ್’ ಎಂಬ ಇಂಗ್ಲಿಷ್ ಹೆಸರಿನ ಮೂಕಿಯಲ್ಲಿ ಅವರೂ ಜಯಮ್ಮನವರೂ ನಟಿಸಿದರು. ಮಾತಿನಿಂದ ಬಾಳಿದ ಹಾಸ್ಯಗಾರನು ಮಾತಿಲ್ಲದ ಚಿತ್ರಕ್ಕೆ ಇಳಿದದ್ದೇ ಒಂದು ಸಾಹಸ. ಬಳಿಕ ‘ಸುಭದ್ರಾ’, ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’ ಬಂದವು. ‘ಜೀವನ ನಾಟಕ’ದಲ್ಲಿ ನಟಿಸಿದ ಶಾಂತಾ ಹುಬಳೀಕರ್ ಅವರನ್ನು ನಮ್ಮ ಮರಾಠಿ ಮಿತ್ರರು ಬಲ್ಲರು, ಪುಣೆಯ ಪ್ರಭಾತ್ ಸಂಸ್ಥೆಯ ‘ಮಾಣೂಸ್’ ಚಿತ್ರದ ನಾಯಕಿ, ಹುಬ್ಬಳ್ಳಿ ಸೀಮೆಯ ಕನ್ನಡತಿ. 1954ರಲ್ಲಿ ಗುಬ್ಬಿ ಸಂಸ್ಥೆಯ ಪಾಲುದಾರಿಕೆಯಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ರಾಜಕುಮಾರ್ ಅವರನ್ನು ನಾಯಕರನ್ನಾಗಿ ನಾಡಿಗೆ ಕೊಟ್ಟಿತು. ರಾಜಕುಮಾರರ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಮಗ ಬಣ್ಣ ಹಚ್ಚಲು ಕಲಿತದ್ದು ಅದೇ ಅಂಗಳದಲ್ಲಿ. ನರಸಿಂಹರಾಜು, ಜಿ. ವಿ. ಅಯ್ಯರ್ ಮೊದಲಾದವರೂ ಆ ಕಂಪನಿಯ ಅನ್ನ ಉಂಡವರೇ.

ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದ ದಕ್ಷಿಣ ಕನ್ನಡದ ಹುಡುಗನೊಬ್ಬನನ್ನು ವೀರಣ್ಣನವರು ಮುಂದೆ ಹಿಂದಿಯ ಉನ್ನತ ವ್ಯಾಸಂಗಕ್ಕೆಂದು ಬನಾರಸಿಗೆ ಕಳುಹಿಸಿದ ಕಥೆ ಎಲ್ಲರಿಗೂ ತಿಳಿದದ್ದು. ಆ ಹುಡುಗ ಬಿ. ವಿ. ಕಾರಂತ. ಇದನ್ನು ಔದಾರ್ಯದ ಕಥೆಯೆಂದಷ್ಟೇ ಓದಿದರೆ ಸಾಲದು. ಹೊಸ ನಾಟಕದ ಹಂಬಲ ಹೊತ್ತ ವಿದ್ಯಾವಂತರು ಕಂಪನಿ ನಾಟಕಗಳನ್ನು ಹಗುರವಾಗಿ ಕಂಡರು. ಅತಿಯಾದ ಹಾಡು, ಅತಿಯಾದ ಥಳಕು, ಕಥೆಗೆ ಸಂಬಂಧವಿಲ್ಲದ ಹಾಸ್ಯ ಎಂಬ ಅವರ ಟೀಕೆಯಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಆನೆ ಬಂದಾಗ ಕೃಷ್ಣನ ಮಾತು ಯಾರ ಕಿವಿಗೆ ಬಿದ್ದೀತು? ಆದರೆ ಆ ಹೊಸ ರಂಗಭೂಮಿಗೆ ಹಾಡನ್ನೂ ಆಟದ ಹುರುಪನ್ನೂ ಮತ್ತೆ ಕರೆತಂದವರು ಇದೇ ಕಾರಂತರು. ಅವರ ರಂಗಸಂಗೀತದ ಬೇರು ಕಂಪನಿಯ ಹಾರ್ಮೋನಿಯಂ ಪೆಟ್ಟಿಗೆಯವರೆಗೂ ಹೋಗುತ್ತದೆ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಕಂಪನಿಯ ಕಂಠವನ್ನೂ ರಾಷ್ಟ್ರೀಯ ನಾಟಕ ಶಾಲೆಯ ಶಿಕ್ಷಣವನ್ನೂ ಒಂದುಗೂಡಿಸಿದರು. ಹಳೆಯದು ಸತ್ತು ಹೊಸದು ಹುಟ್ಟಿತೆಂಬ ನೇರ ಗೆರೆಯ ಇತಿಹಾಸ ಇಲ್ಲಿ ಒಪ್ಪುವುದಿಲ್ಲ.

1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ‘ಕಲೆಯೇ ಕಾಯಕ’ ಎಂಬ ಆತ್ಮಕಥೆ ಉಳಿಯಿತು; ಅವರ ಹೆಸರಿನ ರಂಗಮಂದಿರ, ಅವರ ಹೆಸರಿನ ರಾಜ್ಯ ಪ್ರಶಸ್ತಿ ಉಳಿದವು. ಆನೆಯ ಸುದ್ದಿಯೂ ಉಳಿಯಿತು, ಏಕೆಂದರೆ ಅದನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು.

ಕಳ್ಳನನ್ನು ಹಾಗೆ ಹೇಳಲಾಗದು. ನಾಟಕದ ಪುಸ್ತಕ ಸಿಕ್ಕೀತು. ಆ ರಾತ್ರಿ ಆ ಊರಿನಲ್ಲಿ ಅವನು ಆಡಿದ ಮಾತು ಸಿಗದು. ಕೋಂಡ್ಕೆಯವರೂ ರಂಗದ ಮೇಲೆ ಅಂದಂದಿನ ರಾಜಕೀಯವನ್ನು ಚುಚ್ಚಿ ನಗಿಸಿದವರೇ. ಆದರೆ ಅವರ ಬದುಕಿನ ಬಹುಪಾಲು ನಗೆ ತೆರೆಯ ಮೇಲೆ ಹಿಡಿದಿಟ್ಟದ್ದು, ಇಂದಿನ ಮಕ್ಕಳೂ ಕೈಯಲ್ಲಿನ ಫೋನಿನಲ್ಲಿ ನೋಡಿ ನಗುತ್ತಾರೆ. ವೀರಣ್ಣನವರ ಅರ್ಧ ಶತಮಾನಕ್ಕೂ ಮಿಕ್ಕ ರಂಗಜೀವನದ ಹೆಚ್ಚಿನ ಭಾಗ ನಡೆದದ್ದು ಕ್ಯಾಮೆರಾದ ಮುಂದಲ್ಲ, ಚಾಪೆ ಬೆಂಚುಗಳ ಮೇಲೆ ಕುಳಿತ ಜನರ ಮುಂದೆ. ಅದರ ದಾಖಲೆ ಆ ಜನರ ನೆನಪಿನಲ್ಲಷ್ಟೇ ಇತ್ತು. ಅವರಲ್ಲಿ ಇಂದು ಉಳಿದಿರುವವರು ಬೆರಳೆಣಿಕೆಯವರು. ಅವರಲ್ಲಿಯೂ ಕೆಲವರು ಮಕ್ಕಳ ನೌಕರಿಯ ದೆಸೆಯಿಂದ ಊರು ಬಿಟ್ಟು, ರಂಜನಗಾಂವದ ಕಾರ್ಖಾನೆಗಳ ಸುತ್ತಲಿನ ಇಂಥ ಬಡಾವಣೆಗಳಲ್ಲಿ, ತಮ್ಮ ಭಾಷೆಯನ್ನು ಕೇಳುವವರಿಲ್ಲದೆ ಸಂಜೆ ಕಳೆಯುತ್ತಿರಬಹುದು.

ಆದ್ದರಿಂದ ಓದುಗರಲ್ಲಿ ನಮ್ಮದೊಂದು ಬಿನ್ನಹ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಆನೆಯ ವಿಷಯ ಕೇಳಬೇಡಿ. ಅದು ನಮಗೆ ಗೊತ್ತಿದೆ. ಕಳ್ಳ ಏನೆಂದ ಎಂದು ಕೇಳಿ. ಮಾತು ಮರೆತಿದ್ದರೆ ಅವನು ಹೇಗೆ ನಿಂತ, ಹೇಗೆ ನೋಡಿದ, ಯಾವಾಗ ಸುಮ್ಮನಾದ ಎಂದು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಟ್ಟುಕೊಳ್ಳಿ.

ನೆರೆಯವರ ಪ್ರಶ್ನೆಗೆ ನಾವು ಈಗ ವೀರಣ್ಣನವರ ಹೆಸರು ಹೇಳುತ್ತೇವೆ. ಗುಬ್ಬಿ ಎಂದರೆ ಚಿಮಣಿ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿ, ಚಿಮಣಿ ಆನೆ ತಂದ ಕಥೆ ಹೇಳಿದರೆ ಅವರು ಬೆರಗಾಗುತ್ತಾರೆ. ಹಾಗಾದರೆ ಅವರ ಒಂದು ನಗೆಮಾತು ಹೇಳಿ ಎಂದರೆ ಮಾತ್ರ ನಾವು ಇನ್ನೂ ಸುಮ್ಮನಾಗುತ್ತೇವೆ.