ಗುಲ್ಮಾರ್ಗ್: ಹಿಮಕ್ಕೆ ಕಾದವರ ಕಥೆ

ನೀರಿಲ್ಲದ ಕಾಲದಲ್ಲಿ ಜೋಗ ನೋಡಲು ಹೋದವರ ಪಾಡು ಕನ್ನಡಿಗರಿಗೆ ಹೊಸದಲ್ಲ. 2024ರ ಜನವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋದ ಪ್ರವಾಸಿಗರದೂ ಅದೇ ಪಾಡಾಯಿತು. ಮೊಣಕಾಲುದ್ದ ಹಿಮವಿರಬೇಕಾದ ಇಳಿಜಾರುಗಳಲ್ಲಿ ಕಂಡದ್ದು ಒಣಗಿದ ಕಂದು ಹುಲ್ಲು. ಹಿಮ ಬಿದ್ದದ್ದು ತಿಂಗಳ ಕೊನೆಗೆ. ಮರುವರ್ಷವೂ ಇದೇ ರಗಳೆ. 2025ರ ಫೆಬ್ರವರಿ 22ರಿಂದ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ಮುಂದಕ್ಕೆ ಹೋಗಿ, ಮಾರ್ಚ್ 9ರಂದು ಶುರುವಾಯಿತು. ಜಾರುಬಂಡಿ ಎಳೆಯುವವರು, ಸ್ಕೀ ಹಲಗೆಗಳನ್ನು ಬಾಡಿಗೆಗೆ ಕೊಡುವವರು, ದಾರಿ ತೋರಿಸುವವರು, ಕುದುರೆಯವರು, ಹೀಗೆ ಚಳಿಗಾಲದ ದುಡಿಮೆಯನ್ನೇ ನೆಚ್ಚಿಕೊಂಡವರಿಗೆ ಹಿಮದ ಮುನ್ಸೂಚನೆ ಎಂದರೆ ಹೊಟ್ಟೆಪಾಡಿನ ಲೆಕ್ಕ.

ವಿಚಿತ್ರವೆಂದರೆ, ಗುಲ್ಮಾರ್ಗ್ ಮೊದಲಿಗೆ ಚಳಿಗಾಲದ ಊರೇ ಅಲ್ಲ. ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಈ ಹುಲ್ಲುಗಾವಲಿಗೆ ಹಿಂದೆ ಗೌರಿಮಾರ್ಗ್ ಎಂಬ ಹೆಸರಿತ್ತೆಂದೂ, 16ನೇ ಶತಮಾನದ ಸುಲ್ತಾನ ಯೂಸುಫ್ ಷಾ ಚಕ್ ಅದನ್ನು ‘ಹೂಗಳ ಹುಲ್ಲುಗಾವಲು’ ಎಂಬರ್ಥದ ಗುಲ್ಮಾರ್ಗ್ ಆಗಿಸಿದನೆಂದೂ ಹೇಳುತ್ತಾರೆ. ಮೊಗಲ್ ದೊರೆ ಜಹಾಂಗೀರ್ ಬಂದದ್ದು ಹೂವು ನೋಡಲು. ಬ್ರಿಟಿಷರು ಬಂದದ್ದು ಬಯಲುಸೀಮೆಯ ಬಿಸಿಲು ತಪ್ಪಿಸಿಕೊಳ್ಳಲು. ಹಿಮ ಬಿತ್ತೆಂದರೆ ಊರು ಖಾಲಿಯಾಗುತ್ತಿತ್ತು. 1927ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಇಲ್ಲಿ ‘ಸ್ಕೀ ಕ್ಲಬ್ ಆಫ್ ಇಂಡಿಯಾ’ ಕಟ್ಟಿದ ಮೇಲೆಯೇ ಹಿಮಕ್ಕೆ ಗಿರಾಕಿಗಳು ಹುಟ್ಟಿಕೊಂಡದ್ದು.

ಸ್ವಾತಂತ್ರ್ಯದ ನಂತರ ಆ ಕ್ಲಬ್ಬಿನ ಗದ್ದಲ ಅಡಗಿತು. ಆದರೆ ಸ್ಕೀ ನಿಲ್ಲಲಿಲ್ಲ. ಇಲ್ಲಿ ಕೊಡಗಿನ ಕೆ.ಎಸ್. ತಿಮ್ಮಯ್ಯನವರ ಹೆಸರು ಬರುತ್ತದೆ. ಸೇನೆಯ 19ನೇ ಡಿವಿಜನ್ನಿನ ದಂಡನಾಯಕರಾಗಿದ್ದ ಅವರು 1948ರ ನವೆಂಬರ್‌ನಲ್ಲಿ ಜೋಜಿಲಾ ಘಾಟಿಗೆ ಟ್ಯಾಂಕುಗಳನ್ನು ಹತ್ತಿಸಿದ ಕಥೆ ಪ್ರಸಿದ್ಧ. ಮರುತಿಂಗಳೇ ಅವರು ಗುಲ್ಮಾರ್ಗ್‌ನಲ್ಲಿ ಸೈನಿಕರಿಗಾಗಿ ಸ್ಕೀ ಶಾಲೆಯೊಂದನ್ನು ತೆರೆದರು. ಹಿಮದ ಮೇಲೆ ಓಡಾಡಲು ಬಾರದ ಸೈನ್ಯ ಕಾಶ್ಮೀರವನ್ನು ಕಾಯಲಾರದು ಎಂಬುದು ಆ ಯುದ್ಧ ಕಲಿಸಿದ ಪಾಠವಾಗಿತ್ತು. ಅದೇ ಶಾಲೆ 1962ರಲ್ಲಿ ‘ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್’ ಎಂಬ ಹೆಸರು ಪಡೆಯಿತು. ಪ್ರವಾಸಿಗರ ದಟ್ಟಣೆ ಹೆಚ್ಚಿದ್ದು ಬಹಳ ತಡವಾಗಿ. ಗೊಂಡೋಲಾ ಎಂಬ ತೂಗುತೊಟ್ಟಿಲು 1998ರಲ್ಲಿ ಕೊಂಗ್‌ಡೂರಿಯವರೆಗೆ, 2005ರಲ್ಲಿ ಅಫರ್ವತ್ ಬೆಟ್ಟದ ಹೆಗಲಿಗೆ, ಎಂದರೆ 3,900 ಮೀಟರ್ ಎತ್ತರಕ್ಕೆ ಹೋಗತೊಡಗಿತು.

ಹಾಗಾದರೆ ಹಿಮ ಯಾವಾಗ ಬೀಳುತ್ತದೆಂದು ತಿಳಿಯುವುದು ಹೇಗೆ? ಕನ್ನಡ ನಾಡಿನ ರೈತರು ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳನ್ನು ಎಣಿಸುವಂತೆ ಕಾಶ್ಮೀರಿಗಳು ಚಳಿಯನ್ನು ಎಣಿಸುತ್ತಾರೆ. ಡಿಸೆಂಬರ್ 21ರಿಂದ 40 ದಿನ ‘ಚಿಲ್ಲೈ ಕಲಾನ್’, ಎಂದರೆ ದೊಡ್ಡ ಚಳಿ. ಆಮೇಲೆ 20 ದಿನ ‘ಚಿಲ್ಲೈ ಖುರ್ದ್’, ಕೊನೆಯ 10 ದಿನ ‘ಚಿಲ್ಲೈ ಬಚ್ಚಾ’. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಗಟ್ಟಿಯಾಗಿ ನಿಂತು, ಬೇಸಿಗೆಯವರೆಗೂ ಹೊಳೆಗಳಿಗೆ ನೀರು ಕೊಡುತ್ತದೆ. ಫೆಬ್ರವರಿಯ ಕೊನೆಗೆ ಬಿದ್ದದ್ದು ಬಿಸಿಲಿಗೆ ಬೇಗ ಕರಗುತ್ತದೆ. ಒಟ್ಟು ಎಷ್ಟು ಬಿತ್ತು ಎನ್ನುವುದಕ್ಕಿಂತ ಯಾವಾಗ ಬಿತ್ತು ಎನ್ನುವುದೇ ಮುಖ್ಯ ಎಂಬುದನ್ನು ಈ ಹಳೆಯ ಲೆಕ್ಕ ಬಲ್ಲದು.

ಈ ಹಿಮವನ್ನು ತರುವುದು ಮುಂಗಾರಲ್ಲ, ಪಶ್ಚಿಮದ ವಾಯುಕ್ಷೋಭೆ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟುವ ಈ ಗಾಳಿಯ ಸುಳಿಗಳು ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಬಂದು ಹಿಮಾಲಯಕ್ಕೆ ಬಡಿಯುತ್ತವೆ. ಉಪಗ್ರಹಗಳು ಇವನ್ನು ದಿನಗಳ ಮೊದಲೇ ಕಾಣುತ್ತವೆ. ಆದರೆ ಸುಳಿ ಎಷ್ಟು ತೇವ ಹೊತ್ತಿದೆ, ಎಷ್ಟು ಉತ್ತರಕ್ಕೆ ಸರಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಗಾಳಿ ಒಂದೆರಡು ಡಿಗ್ರಿ ಬೆಚ್ಚಗಾದರೂ ಸಾಕು, ಅಫರ್ವತ್‌ನಲ್ಲಿ ಹಿಮ ಬೀಳುತ್ತಿರುವಾಗಲೇ ಕೆಳಗಿನ ಊರಿನಲ್ಲಿ ಮಳೆ.

ಹಿಮಾಲಯದ ಹಿಮವನ್ನು ಭಾರತ ಮೊದಲು ಅಳೆದದ್ದು ಆಟಕ್ಕಾಗಿ ಅಲ್ಲ, ಅನ್ನಕ್ಕಾಗಿ ಎಂಬುದನ್ನೂ ಇಲ್ಲಿ ನೆನೆಯಬೇಕು. 1876ರಿಂದ 78ರವರೆಗೆ ಮೈಸೂರು ಸಂಸ್ಥಾನವನ್ನು ನುಂಗಿದ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಲಕ್ಷಾಂತರ ಜನ ಸತ್ತರು. ಆಮೇಲೆ ಎಚ್ಚೆತ್ತ ಸರ್ಕಾರ ಮುಂಗಾರಿನ ಮುನ್ಸೂಚನೆ ಕೊಡುವಂತೆ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್‌ಗೆ ಹೇಳಿತು. ಹಿಮಾಲಯದಲ್ಲಿ ಹಿಮ ಹೆಚ್ಚಾದ ವರ್ಷ ಮುಂಗಾರು ಸೊರಗುತ್ತದೆ ಎಂದು ಆತ 1884ರಲ್ಲಿ ವಾದಿಸಿದ. 1886ರ ಜೂನ್ 4ರಂದು ಹೊರಟ ಮೊದಲ ಕ್ರಮಬದ್ಧ ಮುಂಗಾರು ಮುನ್ಸೂಚನೆಯ ಹಿಂದೆ ಇದೇ ಹಿಮದ ಲೆಕ್ಕವಿತ್ತು. ಆ ಸೂತ್ರ ಅಷ್ಟು ಸರಳವಲ್ಲವೆಂದು ಆಮೇಲೆ ಗೊತ್ತಾಯಿತು, ಅದಿರಲಿ.

ಇನ್ನು ಕನ್ನಡ ಪತ್ರಿಕೆಗಳ ಒಂದು ತೊಡಕು. ಆಕಾಶದಿಂದ ಹಿಮ ಬಿದ್ದರೂ ‘ಹಿಮಪಾತ’, ಬೆಟ್ಟದಿಂದ ಹಿಮ ಜರಿದರೂ ‘ಹಿಮಪಾತ’ ಎಂದು ಬರೆಯುವುದುಂಟು. ಮೊದಲನೆಯದು ಪ್ರವಾಸಿಗೆ ಸಂಭ್ರಮ, ಎರಡನೆಯದು ಸಾವು. 2016ರಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಕ್ಕಿಕೊಂಡದ್ದು ಎರಡನೆಯದರಲ್ಲಿ. ಅದಕ್ಕೆ ಹಿಮಕುಸಿತ ಎನ್ನುವುದೇ ಸರಿ. ಗುಲ್ಮಾರ್ಗ್ ಪರಿಸರದಲ್ಲಿ 2010ರ ಫೆಬ್ರವರಿ 8ರಂದು ಹಿಮಕುಸಿತಕ್ಕೆ ಸಿಕ್ಕಿ ತರಬೇತಿಯಲ್ಲಿದ್ದ 17 ಸೈನಿಕರು ಸತ್ತರು. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಗಾರರು ಸತ್ತರು, 19 ಮಂದಿಯನ್ನು ಹೊರತೆಗೆದು ಉಳಿಸಲಾಯಿತು.

ಹಿಮದ ಅಭಾವಕ್ಕೂ ಹಿಮಕುಸಿತಕ್ಕೂ ನಂಟಿದೆ ಎಂದರೆ ಯಾರಿಗಾದರೂ ಅಚ್ಚರಿಯಾದೀತು. ಚಳಿಗಾಲದ ಮೊದಲಿಗೆ ತೆಳುವಾಗಿ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಒಣಹವೆ ಇತ್ತೆಂದುಕೊಳ್ಳಿ. ನೆಲದ ಬಳಿ ಅಷ್ಟಾಗಿ ಚಳಿಯಿಲ್ಲ, ಮೇಲಿನ ಗಾಳಿಯಲ್ಲಿ ಕೊರೆಯುವ ಚಳಿ. ಈ ಅಂತರದಿಂದ ಒಳಗಿನ ಆವಿ ಮೇಲೇರುತ್ತಾ ಹಿಮದ ಹರಳುಗಳ ರೂಪವನ್ನೇ ಬದಲಿಸುತ್ತದೆ. ಒಂದಕ್ಕೊಂದು ಅಂಟಿಕೊಂಡಿದ್ದ ಹಿಮ ದಪ್ಪ ಸಕ್ಕರೆಯಂತೆ ಬಿಡಿಬಿಡಿಯಾಗುತ್ತದೆ. ಅದರ ಮೇಲೆ ಒಮ್ಮೆಗೇ ಮೂರ್ನಾಲ್ಕು ಅಡಿ ಹೊಸ ಹಿಮ ಬಿದ್ದರೆ, ರಾಗಿ ಹರವಿದ ನೆಲದ ಮೇಲೆ ಹಲಗೆ ಇಟ್ಟ ಹಾಗೆ. ಒಬ್ಬ ಸ್ಕೀಗಾರನ ಭಾರಕ್ಕೇ ಇಡೀ ಪದರ ಜಾರಬಹುದು. ಹಿಮ ಬಂತೆಂದು ಊರೆಲ್ಲ ಹಿಗ್ಗುವ ದಿನವೇ ಅಪಾಯ ಹೆಚ್ಚು.

ಇದನ್ನು ಅಧ್ಯಯನ ಮಾಡಲೆಂದೇ ರಕ್ಷಣಾ ಸಂಶೋಧನಾ ಸಂಸ್ಥೆ 1969ರಲ್ಲಿ ಮನಾಲಿಯಲ್ಲಿ ಒಂದು ಕೇಂದ್ರ ತೆರೆಯಿತು. 2020ರಿಂದ ಅದು ಚಂಡೀಗಢದ ಹೊಸ ಸಂಸ್ಥೆಯೊಂದರಲ್ಲಿ ಸೇರಿದೆ. ಅಲ್ಲಿಂದ ಹೊರಡುವ ಎಚ್ಚರಿಕೆ, ಹಿಮ ಎಷ್ಟು ಬೀಳುತ್ತದೆ ಎಂಬುದರ ಜೊತೆಗೆ ಬಿದ್ದದ್ದು ನಿಲ್ಲುತ್ತದೆಯೇ ಎಂಬುದನ್ನೂ ಹೇಳಬೇಕಾಗುತ್ತದೆ. ಆದರೆ ಅದನ್ನು ಓದುವವರು ತಿಂಗಳುಗಟ್ಟಲೆ ಹಿಮಕ್ಕೆ ಕಾದು ಕುಳಿತವರು. ದುಡಿಮೆಯಿಲ್ಲದೆ ಜನವರಿ ಕಳೆದ ಗೈಡ್‌ಗೆ, ದೂರದ ದೇಶದಿಂದ ದುಡ್ಡು ಸುರಿದು ಬಂದ ಸ್ಕೀಗಾರನಿಗೆ, ಇವತ್ತು ಮೇಲೆ ಹೋಗಬೇಡ ಎಂದರೆ ರುಚಿಸುವುದು ಕಷ್ಟ.

2024ರ ಆ ಒಣ ಜನವರಿಯ ನಂತರ ಗುಲ್ಮಾರ್ಗ್‌ಗೆ ಹಿಮ ಬಂತು, ಧಾರಾಳವಾಗಿಯೇ ಬಂತು. ಫೆಬ್ರವರಿ 21ರಂದು ಕ್ರೀಡಾಕೂಟ ಆರಂಭವಾಯಿತು. ಮರುದಿನ ಹಿಮ ಕುಸಿದು ರಷ್ಯಾದ ಸ್ಕೀಗಾರನೊಬ್ಬ ಸತ್ತ.