ಗೆದ್ದವನಿಗೇ ಕಾರ್ಡು

'ಲೇ, ವೇಟ್ ಎಷ್ಟೈತಿ ಹೇಳಲೇ!'

1995ರ ಸುಮಾರಿಗೆ ಯಲಬುರ್ಗಾದಾಗ ಕರೆಂಟ್ ಹೋದ ಸಂಜೆ ಹನುಮಪ್ಪನ ಗುಡಿಕಟ್ಟಿ ಮ್ಯಾಲೆ ಇದೇ ಗದ್ದಲ. ಆಗ ನಮ್ಮದಿನ್ನೂ ರಾಯಚೂರು ಜಿಲ್ಲೆ. ಕೊಪ್ಪಳ ಬೇರೆಯಾದದ್ದು 1997ರಲ್ಲಿ. ಕೈಯಾಗ ಡಬ್ಲ್ಯೂಡಬ್ಲ್ಯೂಎಫ್ ಪೈಲ್ವಾನರ ಕಾರ್ಡು. ಎತ್ತರವನ್ನೋ ತೂಕವನ್ನೋ ಕೂಗಬೇಕು, ಅಂಕಿ ಹೆಚ್ಚಿದ್ದವನಿಗೆ ಎದುರಿನವನ ಕಾರ್ಡು. ತೂಕ ಕೂಗಿದರೆ ಯೊಕೊಜುನಾನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಇಂಗ್ಲಿಷ್ ಓದಲು ಬಾರದವರಿಗೂ ಅಂಕಿಗಳೆಲ್ಲ ಬಾಯಿಪಾಠ.

ಹಿರಿಯರ ಕಣ್ಣಿಗೆ ಇದು ಇಸ್ಪೀಟಿನ ತಮ್ಮ. ಸಿಕ್ಕರೆ ಹರಿದು ಒಲಿಗೆ ಹಾಕತಿದ್ರು. ಆದರೆ ಎಲೆಯಾಟಕ್ಕೆ ಅರಮನೆಯ ಮರ್ಯಾದೆಯೂ ಇತ್ತು. 1527ರಲ್ಲಿ ಸಿಂಧ್‌ನ ಷಾ ಹಸನ್‌ಗೆ ಗಂಜೀಫಾ ಎಲೆ ಕಳಿಸಿದ್ದನ್ನು ಬಾಬರ್ ತನ್ನ ಬಾಬರ್‌ನಾಮಾದಲ್ಲಿ ಬರೆದಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಛದಗಳನ್ನು ಕಟ್ಟಿದರು. ಚಾಮುಂಡೇಶ್ವರಿ ಛದಕ್ಕೆ 320 ಎಲೆ! ಹೆಂಗ ನೆನಪಿಡತಿದ್ರೋ. ಅಲ್ಲಿ ಎಲೆ ಮೇಲೆ ದೇವರು, ನಮ್ಮಲ್ಲಿ ಅಂಡರ್‌ಟೇಕರ್.

ಗಂಜೀಫಾದಾಗ ಆಟ ಮುಗಿದರೆ ಎಲೆಗಳೆಲ್ಲ ಮತ್ತೆ ಪೆಟ್ಟಿಗೆಗೆ. ನಮ್ಮಲ್ಲಿ ಗೆದ್ದದ್ದು ಗೆದ್ದವನಿಗೇ. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ತಂದ 'ಮ್ಯಾಜಿಕ್: ದಿ ಗ್ಯಾದರಿಂಗ್' ಆಟದಾಗೂ ಮೊದಮೊದಲು ಒಂದು ಕಾರ್ಡನ್ನು ಪಣಕ್ಕಿಡುವ ನಿಯಮವಿತ್ತು. ಅದು ಹೋದರೆ ಹೊಟ್ಟಿ ಎಷ್ಟು ಉರಿಯತೈತಿ ಅಂತ ಅವರಿಗೂ ಗೊತ್ತಿರಬೇಕು.

ಒಂದು ಸಂಜೆ, ಕಂದೀಲಿನ ಬೆಳಕಲ್ಲಿ, ಗೆಳೆಯನೊಬ್ಬನ ಯೊಕೊಜುನಾನನ್ನು ಗೆದ್ದೆ. 'ವಾಪಸ್ ಕೊಡೋ, ನಾಳೆ ಗೋವಾಕ್ಕ ಹೊಂಟೀವಿ' ಅಂದ. ಅಪ್ಪ-ಅವ್ವ ದುಡಿಯಾಕ ಹೊರಟಿದ್ದರು, ಇವನ ಸಾಲಿನೂ ಅಲ್ಲಿಗೇ ಮುಗೀತು. ಸುಳ್ಳು ಹೇಳತಾನ ಅಂತ ನಾನು ಕೊಡಲಿಲ್ಲ.

ಆ ಕಾರ್ಡು ಇನ್ನೂ ನನ್ನ ಟ್ರಂಕಿನಾಗೈತಿ.